ಎಳ್ಳುಕಾಳಿನಷ್ಟು ನಿದ್ದೆ

ಹಾಸನ
೯-೯-೧೯೬೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಅವ್ವನಿಗೆ ನೀಲಾಂಬಿಕೆ ಮಾಡುವ ಶರಣು.

ಮಂಡಿನೋವು ಹೇಗಿದೆ? ಮಳೆ ಹಿಡಿದ ಮೇಲೆ ಕೂತು ಏಳುವಾಗ ಗೋಡೆ ಹಿಡಿಯುತ್ತಿರುವೆಯೋ ಏನೋ. ನಾನು ಕೊಟ್ಟು ಕಳಿಸಿದ ಎಣ್ಣೆ ಮುಗಿದಿದ್ದರೆ ಬರೆ, ಅರಕಲಗೂಡಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇನ್ನೊಂದು ಸೀಸೆ ಕಳಿಸುತ್ತೇನೆ. ಶಿವಯ್ಯ ಮಾವನ ಕೆಮ್ಮು ಇಳಿಯಿತೆ? ಅತ್ತೆಯವರು ನಿನ್ನ ಜೊತೆ ಈಗ ಸರಿಯಾಗಿ ಮಾತಾಡುತ್ತಿದ್ದಾರೆಯೆ? ಗೌರಿ ಹಬ್ಬಕ್ಕೆ ನೀನು ಕಳಿಸಿದ ಸೀರೆ, ಬಳೆ, ಅರಿಶಿನ ಕುಂಕುಮ ಎಲ್ಲವೂ ಹಬ್ಬದ ಹಿಂದಿನ ದಿನವೇ ಬಂದು ಸೇರಿದವು. ಹಸಿರು ಬಣ್ಣ ಚೆನ್ನಾಗಿದೆ. ಇನ್ನೂ ಉಟ್ಟಿಲ್ಲ. ಯಾಕೆ ಎಂಬುದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ.

ಈ ಕಾಗದವನ್ನು ಮಾವನ ಕೈಯಲ್ಲಾಗಲಿ ಅತ್ತೆಯ ಕೈಯಲ್ಲಾಗಲಿ ಓದಿಸಬೇಡ. ನಿನಗೆ ಸುಲಭವಾಗಲಿ ಎಂದು ಅಕ್ಷರ ದಪ್ಪ ಮಾಡಿ, ಸಾಲು ಬಿಟ್ಟು ಬರೆಯುತ್ತಿದ್ದೇನೆ. ಹಿತ್ತಲಿಗೆ ಹೋಗಿ ಒಬ್ಬಳೇ ಕೂತು ಓದು. ನಿನ್ನ ಮೊಮ್ಮಗಳು ಮಂಗಳ ಈಗ ಹುಷಾರಾಗಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಅರ್ಧ ಓದುವಷ್ಟರಲ್ಲಿ ನಿನ್ನ ಎದೆ ಹೊಡೆದುಕೊಳ್ಳಬಾರದು. ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ವಿಷಯದಲ್ಲಿ ನಿನ್ನನ್ನು ಕಾಯಿಸಲು ಮನಸ್ಸು ಬರಲಿಲ್ಲ.

ಜೂನ್ ತಿಂಗಳು ನಿನಗೆ ನೆನಪಿದೆಯಲ್ಲ. ಬಾಣಂತನ ಮುಗಿಸಿಕೊಂಡು ನಿನ್ನ ತಮ್ಮನ ಮನೆಯಿಂದ ಇಲ್ಲಿಗೆ ಬಂದ ಹತ್ತನೇ ದಿನಕ್ಕೆ ಸ್ಕೂಲು ತೆರೆಯಿತು. ನಿನ್ನ ಅಳಿಯನಿಗೆ ಸರ್ವೆ ಕೆಲಸ, ತಿಂಗಳಲ್ಲಿ ಇಪ್ಪತ್ತು ದಿನ ಕ್ಯಾಂಪು. ಪಾತ್ರೆ ತೊಳೆದು ಮಗು ನೋಡಿಕೊಳ್ಳಲು ಬೆಟ್ಟಮ್ಮನನ್ನು ಗೊತ್ತು ಮಾಡಿಕೊಂಡಿದ್ದೆ. ಆದರೆ ಮಂಗಳ ಅವಳ ಕೈಯಲ್ಲಿ ಮಲಗಲಿಲ್ಲ, ನನ್ನ ಕೈಯಲ್ಲೂ ಮಲಗಲಿಲ್ಲ. ತೊಟ್ಟಿಲಿಗೆ ಹಾಕಿದರೆ ಬೆನ್ನು ಬಿಲ್ಲಿನಂತೆ ಎತ್ತಿ ಅರಚುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಡುತ್ತ ಕುರ್ಚಿಯಲ್ಲೇ ತೂಕಡಿಸಿ ಹೆಡ್ಮಿಸ್ಟ್ರೆಸ್ಸರ ಕೈಗೆ ಸಿಕ್ಕಿಬಿದ್ದೆ. "ನಿಮ್ಮ ಕಾಯಂ ಆರ್ಡರ್ ಇನ್ನೂ ಬಂದಿಲ್ಲ, ಜ್ಞಾಪಕ ಇರಲಿ" ಎಂದು ಅವರು ಮಕ್ಕಳ ಎದುರಿಗೇ ಹೇಳಿದರು. ಆ ಸಂಜೆಯೇ ನಿನಗೆ ಕಾರ್ಡು ಹಾಕಿದೆ. ಮೂರನೇ ದಿನಕ್ಕೆ ನೀನು ಹುರಿಹಿಟ್ಟಿನ ಡಬ್ಬ, ಒಂದು ಬಟ್ಟೆಗಂಟು ಹಿಡಿದುಕೊಂಡು ಬಸ್ಸಿಳಿದೆ. ನಿನ್ನನ್ನು ಕಂಡಾಗ ನಾನು ಬಸ್‌ಸ್ಟ್ಯಾಂಡಿನಲ್ಲೇ ಅತ್ತದ್ದಕ್ಕೆ ನೀನು ಬೈದೆ. "ಕೂಸು ಅಳದೆ ನೀನ್ ಅಳಕ್ಕಾ ನಾನ್ ಬಂದದ್ದು? ನೀನು ಸ್ಕೂಲ್ಗೆ ಓಗು, ಕೂಸು ನನ್ ಪಾಲಿಗೆ ಬುಡು" ಎಂದೆ.

ನಾನು ಬಿಟ್ಟೆ, ಅವ್ವ. ನಾಲ್ಕೇ ದಿನದಲ್ಲಿ ಮಂಗಳ ಮಲಗುವುದನ್ನು ಕಲಿತಳು. ಹರಳೆಣ್ಣೆ ಹಚ್ಚಿ, ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಒಳಲೆಯಲ್ಲಿ ಒಂದು ಗುಟುಕು ಹಾಲು ಕುಡಿಸಿ ನೀನು ಮಲಗಿಸಿದರೆ ನಾನು ಸ್ಕೂಲಿನಿಂದ ಬರುವವರೆಗೂ ಕದಲುತ್ತಿರಲಿಲ್ಲ. ಪಕ್ಕದ ಮನೆಯ ಅಂಬುಜಮ್ಮನವರು ದಿನಾ ಬಂದು ತೊಟ್ಟಿಲು ಇಣುಕಿ, "ನಿಮ್ಮ ತಾಯಿಯದು ಕೈಗುಣ ಕಣ್ರೀ. ಅಂಥ ಕೈ ಎಲ್ಲರಿಗೂ ಬರೋಲ್ಲ" ಎನ್ನುತ್ತಿದ್ದರು. ನೀನು ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕೆ. ನಾನು ಅದೇ ಮಾತನ್ನು ಸ್ಕೂಲಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡು ಬೀಗಿದೆ. ಮೂರು ವಾರವಿದ್ದು ಹೊರಡುವಾಗ ನೀನು ಬೆಟ್ಟಮ್ಮನನ್ನು ಬಚ್ಚಲ ಹತ್ತಿರ ನಿಲ್ಲಿಸಿಕೊಂಡು ತುಂಬಾ ಹೊತ್ತು ಮಾತಾಡಿದೆ. ಎಣ್ಣೆ ನೀರಿನ ಕ್ರಮ ಹೇಳಿಕೊಡುತ್ತಿದ್ದೀ ಎಂದುಕೊಂಡೆ. ನೀನು ಹೋದ ಮೇಲೂ ಮಗು ಹಾಗೆಯೇ ಮಲಗಿತು. ಭಾನುವಾರವೂ ಬೆಟ್ಟಮ್ಮನೇ ಬಂದು ನೀರು ಹಾಕುತ್ತಿದ್ದಳು. ಹೆತ್ತ ನನ್ನ ಕೈಗೆ ಬಾರದ ನಿದ್ದೆ ಅವಳ ಕೈಗೆ ಬರುತ್ತದಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಜುಲೈ ಕಳೆಯುತ್ತ ಬಂದಂತೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಸ್ಕೂಲಿನಲ್ಲಿ ನನ್ನ ರವಿಕೆ ಹಾಲಿನಿಂದ ಒದ್ದೆಯಾಗಿರುತ್ತಿತ್ತು. ಓಡಿ ಬಂದು ಎತ್ತಿಕೊಂಡರೆ ಮಗು ಎರಡು ಸಲ ಚೀಪಿ ಬಾಯಿ ಬಿಟ್ಟುಬಿಡುತ್ತಿತ್ತು. ಆಮೇಲೆ ಆಮೇಲೆ ನನ್ನ ಹಾಲೇ ಬತ್ತುತ್ತ ಬಂತು. ಅಂಬುಜಮ್ಮನವರ ಮೊಮ್ಮಗ ಮಂಗಳನಿಗಿಂತ ಹದಿನೈದು ದಿನ ಚಿಕ್ಕವನು. ಅವನು ಬೋರಲು ಬಿದ್ದು ಚಾಪೆ ಕೆರೆಯುತ್ತಿದ್ದರೆ ಇವಳು ಮಲಗಿಸಿದ ಕಡೆಯೇ ಕೈಕಾಲು ಚೆಲ್ಲಿಕೊಂಡು ಸೂರು ನೋಡುತ್ತಿದ್ದಳು. ಗಿಲಕಿ ಆಡಿಸಿದರೆ ಕಣ್ಣು ನಿಧಾನವಾಗಿ ಅದರ ಹಿಂದೆ ಬರುತ್ತಿತ್ತು. ನಿನಗೆ ಬರೆದೆ. "ಹೆಣ್ಣು ಕೂಸು ನಿದಾನ, ನೀನೂ ಎಂಟು ತಿಂಗಳಿಗೆ ಬೋರಲು ಬಿದ್ದದ್ದು" ಎಂದು ನೀನು ಬರೆದೆ. ನಂಬಿದೆ. ನಿನ್ನನ್ನು ನಂಬದೆ ಇನ್ನು ಯಾರನ್ನು ನಂಬಲಿ?

ಆಗಸ್ಟ್ ಹದಿಮೂರು, ಸೋಮವಾರ. ಬೆಟ್ಟಮ್ಮನ ಅತ್ತೆ ಮೊಸಳೆ ಹಳ್ಳಿಯಲ್ಲಿ ತೀರಿಕೊಂಡರೆಂದು ಸುದ್ದಿ ಬಂದು ಅವಳು ಬೆಳಿಗ್ಗೆಯೇ ಹೊರಟುಹೋದಳು. ನಾನು ರಜಾ ಹಾಕಿ ಮನೆಯಲ್ಲಿ ಉಳಿದೆ. ನೀನು ಮಾಡುತ್ತಿದ್ದಂತೆಯೇ ಎಣ್ಣೆ, ನೀರು, ಹೊಗೆ, ಒಳಲೆ ಹಾಲು ಎಲ್ಲ ಮಾಡಿದೆ. ಮಲಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಲಿಂದ ಮೇಲೆ ಆಕಳಿಸತೊಡಗಿದಳು, ಸೀನಿದಳು, ಮೂಗು ಸೋರಿತು. ಆಮೇಲೆ ಶುರುವಾದ ಅಳು ನಾನು ಯಾವತ್ತೂ ಕೇಳಿದ್ದಲ್ಲ. ಕಾಲು ಹೊಟ್ಟೆಗೆ ಎಳೆದುಕೊಂಡು, ಮೈಯೆಲ್ಲ ಬೆವತು, ಗಲ್ಲ ನಡುಗುತ್ತಿತ್ತು. ಭೇದಿ ಕಿತ್ತುಕೊಂಡಿತು. ಅಂಬುಜಮ್ಮನವರು ಓಮದ ನೀರು ತಂದರು, ದೃಷ್ಟಿ ತೆಗೆದರು. ಮಾರನೆಯ ದಿನ ಬೆಳಿಗ್ಗೆ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಲೇಡಿ ಡಾಕ್ಟರ ಮನೆಗೇ ಓಡಿದೆ.

ಅವರು ವಯಸ್ಸಾದವರು, ಮಾತು ಕಡಿಮೆ. ತಕ್ಕಡಿಯಲ್ಲಿ ಮಲಗಿಸಿದರು. ಆರು ತಿಂಗಳ ಮಗು ಹತ್ತು ಪೌಂಡೂ ಪೂರ್ತಿ ತೂಗಲಿಲ್ಲ. ಚರ್ಮ ಎಳೆದು ನೋಡಿ, ಹಾಲು ಎಷ್ಟು ಕುಡಿಯುತ್ತೆ, ನಿದ್ದೆ ಹೇಗೆ ಎಂದು ಕೇಳಿದರು. ನಿದ್ದೆಗೇನೂ ತೊಂದರೆ ಇಲ್ಲ ಡಾಕ್ಟರೆ, ಒಂಬತ್ತೂವರೆಗೆ ಮಲಗಿದರೆ ಸಂಜೆ ನಾಲ್ಕೂವರೆವರೆಗೂ ಏಳುವುದಿಲ್ಲ ಎಂದೆ. ಹೆಮ್ಮೆಯಿಂದಲೇ ಹೇಳಿದೆನೋ ಏನೋ. ಅವರು ಮಗುವಿನ ರೆಪ್ಪೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿದರು. "ಹಸಿದ ಮಗು ಏಳು ಗಂಟೆ ಹೊತ್ತು ಮಲಗೋದಿಲ್ಲಮ್ಮ. ನಿಮ್ಮ ಮನೇಲಿ ಇದಕ್ಕೆ ಅಫೀಮು ಹಾಕ್ತಿರೋರು ಯಾರು?" ಎಂದರು.

ನಾನು ಯಾರೂ ಇಲ್ಲ ಎಂದೆ. ಇನ್ನೊಮ್ಮೆ ಕೇಳಿದರು. ಆಗ ಬೆಟ್ಟಮ್ಮನ ಹೆಸರು ನನ್ನ ಬಾಯಿಗೆ ತಾನಾಗಿ ಬಂತು. ನಿನ್ನ ಹೆಸರು ಬರಲಿಲ್ಲ, ಅವ್ವ. ಹುಡುಕಿದ್ದರೂ ನನ್ನ ಮನಸ್ಸಿಗೆ ಅದು ಸಿಕ್ಕುತ್ತಿರಲಿಲ್ಲ.

ಗುರುವಾರ ಬೆಟ್ಟಮ್ಮ ಊರಿನಿಂದ ಬಂದಳು. ಬೀದಿ ನಲ್ಲಿಯಲ್ಲಿ ನೀರು ಬಿಟ್ಟಿದ್ದ ಹೊತ್ತು, ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಅವಳನ್ನು ಅಲ್ಲೇ ತಡೆದು ನಿಲ್ಲಿಸಿ ಬಾಯಿಗೆ ಬಂದದ್ದು ಅಂದೆ. ನನ್ನ ಮಗುವಿಗೆ ವಿಷ ಹಾಕಿದವಳು ಎಂದೆ. ಕೆಲಸ ಮಾಡದೆ ಕಾಲು ಚಾಚಿಕೊಂಡಿರಲು ಹೀಗೆ ಮಾಡಿದೆಯಾ ಎಂದೆ. ಪೊಲೀಸರಿಗೆ ಹೇಳುತ್ತೇನೆ ಎಂದೂ ಅಂದೆ. ಅವಳು ಸಾವಿನ ಮನೆಯಿಂದ ಬಂದವಳು, ತಲೆ ಕೂಡ ಬಾಚಿರಲಿಲ್ಲ. ನೆಲ ನೋಡುತ್ತ, "ನಾನೇನೂ ಯೋಳಕಿಲ್ಲ ಕಣವ್ವ. ಆಣೆ ಇಟ್ಟಿವ್ನಿ" ಎಂದಷ್ಟೇ ಹೇಳಿ ಹಿಂತಿರುಗಿ ಹೋದಳು. ಹೆಂಗಸರು ಅವಳಿಗೆ ದಾರಿ ಬಿಟ್ಟು ಸರಿದು ನಿಂತರು, ಮೈ ತಾಕಬಾರದು ಎಂಬ ಹಾಗೆ.

ಮಾರನೆಯ ದಿನ ಹಿತ್ತಲ ಬಾಗಿಲು ತಟ್ಟಿದಳು. ಒಳಗೆ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಬೆಳ್ಳಿ ಭರಣಿಯನ್ನು ಹೊಸಿಲ ಮೇಲಿಟ್ಟು, "ಬೆಳ್ಳಿ ಸಾಮಾನು, ನನ್ ತಾವ ಇರಬಾರ್ದು. ಕದ್ದೋಳು ಅಂತಲೂ ಅನ್ನಿಸ್ಕಬೇಕಾಯ್ತದೆ" ಎಂದಳು. ಅದು ನಿನ್ನ ಕುಂಕುಮದ ಭರಣಿ. ಅಪ್ಪ ಹೋದ ಮೇಲೆ ನೀನು ಪೆಟ್ಟಿಗೆಯ ತಳಕ್ಕೆ ಹಾಕಿಟ್ಟಿದ್ದ ಭರಣಿ. ಮುಚ್ಚಳ ತೆಗೆದೆ. ಒಳಗೆ ಎಣ್ಣೆಕಾಗದದಲ್ಲಿ ಕಪ್ಪಗೆ ಅಂಟಂಟಾದ ಒಂದು ತುಣುಕು. ಭರಣಿ ಹಿಡಿದುಕೊಂಡು ಅಲ್ಲೇ ಕೂತೆ. ಆಗ ಅವಳೂ ಮೆಟ್ಟಿಲ ಮೇಲೆ ಕೂತು ಹೇಳಿದಳು.

"ನಿಮ್ಮವ್ವಾರೆ ಕೊಟ್ಟೋಗಿದ್ದು ಕಣವ್ವ. ದಿನಾ ನೀರು ಉಯ್ದ ಮ್ಯಾಕೆ ಒಂದು ಎಳ್ಳುಕಾಳಿನಷ್ಟು ಹಾಲಲ್ಲಿ ತೇದು ಕುಡ್ಸು ಅಂದ್ರು. ಐದು ಮಕ್ಕಳನ್ನ ಇಂಗೇ ಸಾಕಿವ್ನಿ, ಏನೂ ಆಗಕಿಲ್ಲ ಅಂದ್ರು. ನಿಮಗೆ ಯೋಳಬಾರ್ದು ಅಂತ ಮೊಸಳೆ ನಾಗೇಸ್ವರನ ಮ್ಯಾಲೆ ಆಣೆ ಆಕ್ಸಿದ್ರು. ನಮ್ಮ ಕಡೆಯೂ ಗದ್ದೆಗೆ ಓಗೋ ಹೆಣ್ಣಾಳುಗಳು ಆಕೋದು ನೋಡಿವ್ನಿ. ಆದ್ರೆ ಕೂಸು ಸೊರಗ್ತಾ ಬಂತು. ನಂಗೆ ಎದರಿಕೆ ಆಗಿ ಸೋಡಾ ಅಂಗಡಿಯವರ ಕೈಲಿ ನಿಮ್ಮವ್ವಾರಿಗೆ ಒಂದು ಕಾರ್ಡು ಬರೆಸ್ದೆ. ಅದಕ್ಕೆ ಅವರು ಬರೆದದ್ದು ಇದು" ಎಂದು ರವಿಕೆಯೊಳಗಿನಿಂದ ನಾಲ್ಕು ಮಡಿಕೆಯಾಗಿದ್ದ ಕಾರ್ಡು ತೆಗೆದು ಕೊಟ್ಟಳು.

ಆ ಕಾರ್ಡು ಈಗ ನನ್ನ ಮುಂದೆಯೇ ಇದೆ. "ಬೆಟ್ಟಮ್ಮನಿಗೆ. ಕೂಸು ಸೊರಗುವುದು ಹಲ್ಲು ಬರುವುದಕ್ಕೆ. ನಿಲಿಸಬ್ಯಾಡ. ನೀಲನ ಆಡರು ಬರೋ ತನಕ ನಡೆಸು. ಅವಳಿಗೆ ಯೇಳಬ್ಯಾಡ." ಬಸವಲಿಂಗಮ್ಮ ಎಂದು ರುಜು. ಒತ್ತಕ್ಷರ ಬಂದ ಕಡೆಯೆಲ್ಲ ನೀನು ತಡವರಿಸುವುದು ನನಗಲ್ಲದೆ ಇನ್ಯಾರಿಗೆ ಗೊತ್ತು? ಅಪ್ಪ ತೀರಿಕೊಂಡ ವರ್ಷ, ನಾನು ಟ್ರೈನಿಂಗಿನಿಂದ ಬೇಸಿಗೆ ರಜಕ್ಕೆ ಬಂದಿದ್ದಾಗ, ಮಾವನ ಮನೆಯ ಕೊಟ್ಟಿಗೆಯಲ್ಲಿ ಯಾರಿಗೂ ಕಾಣದಂತೆ ಕೂತು ಸ್ಲೇಟಿನ ಮೇಲೆ ನಿನ್ನ ಕೈ ಹಿಡಿದು ತಿದ್ದಿಸಿದ್ದೆ. ಅ ಆ ಮುಗಿಯುವ ಮೊದಲೇ ನನ್ನ ಹೆಸರು ಬರೆಯಬೇಕೆಂದು ಹಟ ಮಾಡಿದೆ. ಆ ಕಾರ್ಡಿನಲ್ಲಿ ನೀಲ ಎಂಬ ಎರಡಕ್ಷರ ಎಷ್ಟು ದುಂಡಗೆ ಇವೆ ಗೊತ್ತೆ? ನಾನು ಕಲಿಸಿದ ಅಕ್ಷರದಲ್ಲೇ ನನಗೆ ಹೇಳಬೇಡ ಎಂದು ಬರೆದೆ. ಬೆಟ್ಟಮ್ಮ ಓದು ಬಾರದವಳು, ಆದರೂ ಮಗು ಸೊರಗಿದ್ದು ಅವಳಿಗೆ ಕಂಡಿತು. ಅವಳು ನಿನಗೆ ತಿಳಿಸಿದಳು. ತಿಳಿದ ಮೇಲೂ ನಿಲ್ಲಿಸಬೇಡ ಎಂದವಳು ನೀನು.

ನಿನ್ನ ಮನಸ್ಸು ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಗಂಡ ಸತ್ತು ತಮ್ಮನ ಮನೆಯ ಒಲೆ ಮುಂದೆ ಕೂತವಳಿಗೆ ಮಗಳ ಕೈಯಲ್ಲಿ ಒಂದು ಕೆಲಸವಿರುವುದು ಎಷ್ಟು ದೊಡ್ಡದು ಎಂದು ನನಗೆ ಗೊತ್ತು. "ನನ್ನಂಗೆ ನೀನು ಯಾರ ಮಖಾನೂ ನೋಡ್ಬಾರ್ದು ಕಣೆ" ಎಂದು ನೀನು ನೂರು ಸಲ ಹೇಳಿದ್ದೀಯ. ನನ್ನನ್ನು ಒಂದು ಮಾತು ಕೇಳಿದ್ದರೆ ಕೆಲಸ ಬೇಡ, ಮಗು ಇರಲಿ ಎನ್ನುತ್ತಿದ್ದೆ. ನಾನು ಹಾಗೆ ಅನ್ನುತ್ತೇನೆ ಎಂದು ಗೊತ್ತಿದ್ದದ್ದಕ್ಕೇ ನೀನು ಕೇಳಲಿಲ್ಲ. ಇನ್ನೊಂದು ಮಾತು. ಐದು ಮಕ್ಕಳನ್ನು ಹೀಗೇ ಸಾಕಿದೆ ಎಂದೆಯಂತೆ. ಅವ್ವ, ಉಳಿದವರು ನಾನೂ ಪ್ರೇಮಕುಮಾರಿಯೂ ಇಬ್ಬರೇ. ನಡುವಿನ ಮೂವರು ಹೇಗೆ ಹೋದರು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಈಗಲೂ ಕೇಳುವುದಿಲ್ಲ. ನೀನು ಬೇಕೆಂದು ಮಾಡಿದ್ದಲ್ಲ ಎಂದು ಗೊತ್ತು. ಆದರೆ ನೀನು ನಿನ್ನೊಳಗೇ ಒಮ್ಮೆ ಕೇಳಿಕೋ.

ಶನಿವಾರ ನೀರು ಬಿಡುವ ಹೊತ್ತಿಗೆ ಬೆಟ್ಟಮ್ಮನನ್ನು ಕರೆದುಕೊಂಡು ಬಂದು ಅದೇ ನಲ್ಲಿಯ ಹತ್ತಿರ, ಅದೇ ಹೆಂಗಸರ ಮುಂದೆ, ತಪ್ಪು ನನ್ನದು, ಇವಳ ಮೇಲೆ ಸುಳ್ಳು ಹೊರಿಸಿದೆ ಎಂದು ಹೇಳಿದೆ. ಯಾರು ಮಾಡಿದ್ದು ಎಂದು ಅಂಬುಜಮ್ಮನವರು ಕೇಳಿದರು. ನಮ್ಮ ಮನೆಯವರದೇ ತಪ್ಪು ಎಂದೆ, ಹೆಸರು ಹೇಳಲಿಲ್ಲ. ಅವರು ತಮ್ಮ ಕೊಡ ಎತ್ತಿಕೊಂಡು ಹೋದರು. ಆವತ್ತಿನಿಂದ ನಿನ್ನ ಕೈಗುಣದ ಮಾತು ಅವರು ಎತ್ತಿಲ್ಲ. ಬೆಟ್ಟಮ್ಮ ಮಾತ್ರ, "ಬುಡವ್ವ, ಕುಡ್ಸಿದ ಕೈ ನಂದೇ ಅಲ್ವಾ" ಎಂದಳು. ಮತ್ತೆ ಕೆಲಸಕ್ಕೆ ಬಾ ಎಂದರೆ ಒಪ್ಪಲಿಲ್ಲ. ಸಂಜೆ ಒಂದು ಗಳಿಗೆ ಬಂದು ಬಾಗಿಲಲ್ಲೇ ನಿಂತು ಮಗು ನೋಡಿಕೊಂಡು ಹೋಗುತ್ತಾಳೆ.

ಒಂದೇ ಸಲ ನಿಲ್ಲಿಸಿದರೆ ಮಗು ತಡೆಯುವುದಿಲ್ಲ ಎಂದು ಡಾಕ್ಟರು ಒಂದು ಔಷಧಿ ಕೊಟ್ಟಿದ್ದರು. ಅದರಲ್ಲೂ ಅದೇ ಅಫೀಮು ಇದೆಯಂತೆ. ಇಂಕ್ ಫಿಲ್ಲರಿನಂಥ ಗಾಜಿನ ಕೊಳವೆಯಿಂದ ದಿನ ದಿನಕ್ಕೂ ತೊಟ್ಟು ಕಡಿಮೆ ಮಾಡುತ್ತ ಹನ್ನೆರಡು ದಿನ ಕೊಡಬೇಕು. ನನ್ನ ಕೈಯಾರೆ ಕೊಟ್ಟೆ. ಪ್ರತಿ ತೊಟ್ಟಿಗೂ ನಿನ್ನ ಮುಖ ಕಣ್ಣ ಮುಂದೆ ಬರುತ್ತಿತ್ತು. ನಿನ್ನ ಅಳಿಯನಿಗೆ ತಂತಿ ಕೊಟ್ಟಿದ್ದೆ, ಕ್ಯಾಂಪು ಬಿಟ್ಟು ಬಂದರು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಜಗುಲಿಯ ಈ ತುದಿಯಿಂದ ಆ ತುದಿಗೆ ಹಗಲೆಲ್ಲ ನಡೆದರು. ವಿಷಯ ತಿಳಿದಾಗ, "ಅವರಿಗೆ ಬರೆಯಬೇಡ, ವಯಸ್ಸಾದವರು, ನೊಂದುಕೊಳ್ಳುತ್ತಾರೆ" ಎಂದರು. ನೀನು ನೊಂದುಕೊಳ್ಳಲೆಂದೇ ನಾನು ಬರೆಯುತ್ತಿದ್ದೇನೆ.

ತೊಟ್ಟು ಮುಗಿದ ಎರಡನೇ ದಿನ, ಮಂಗಳವಾರ ಮಧ್ಯಾಹ್ನ, ಮಂಗಳ ತೊಟ್ಟಿಲಲ್ಲಿ ಕಿವಿ ತಿಕ್ಕಿಕೊಳ್ಳುತ್ತ ಗೊಣಗುತ್ತಿದ್ದಳು. ನನಗೆ ತೂಗಲೂ ಕೈ ಸೋತಿತ್ತು, ಪಕ್ಕದಲ್ಲಿ ನೆಲಕ್ಕೆ ಕೂತು ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ಅತ್ತಳು, ಬಿಟ್ಟಳು, ಮತ್ತೆ ಅತ್ತಳು. ಎರಡು ಬೆರಳು ಬಾಯಿಗೆ ಹಾಕಿಕೊಂಡು ಚೀಪಿದಳು. ಉಸಿರು ಉದ್ದವಾಯಿತು. ನಾನು ಕೈ ತೆಗೆಯಲಿಲ್ಲ. ಮುಕ್ಕಾಲು ಗಂಟೆಗೆ ಕಣ್ಣು ಬಿಟ್ಟು, ಹಸಿವೆಂದು ಮನೆ ಹಾರಿಹೋಗುವ ಹಾಗೆ ಕಿರುಚಿದಳು. ಅವಳು ಮಲಗಿದ್ದಕ್ಕೆ ನನಗೆ ಅಷ್ಟು ಸಂತೋಷವಾಗಲಿಲ್ಲ ಅವ್ವ, ತಾನಾಗಿ ಎದ್ದಳಲ್ಲ ಎಂದು ಅಳು ಬಂತು. ನಿನ್ನೆ ತೂಕ ಮಾಡಿಸಿದೆ, ಹನ್ನೊಂದು ಪೌಂಡಿದ್ದಾಳೆ. ಹಾಲು ಮತ್ತೆ ಬರುತ್ತಿದೆ. ಬೋರಲು ಇನ್ನೂ ಬಿದ್ದಿಲ್ಲ, ಆದರೆ ಒಂದು ಮಗ್ಗುಲಿಗೆ ತಿರುಗಿ ಕಾಲು ಎಳೆಯುತ್ತಾಳೆ.

ಕೆಲಸದ ವಿಷಯ. ಸಂಬಳವಿಲ್ಲದ ರಜಾ ಹಾಕಿದ್ದೇನೆ. ನನ್ನ ಕ್ಲಾಸಿಗೆ ಬೇರೆ ಒಬ್ಬರು ಬಂದಿದ್ದಾರೆ. ಕಾಯಂ ಆರ್ಡರ್ ಈ ವರ್ಷ ಬರುವುದಿಲ್ಲ ಎಂದು ಹೆಡ್ಮಿಸ್ಟ್ರೆಸ್ಸರು ಹೇಳಿಕಳಿಸಿದರು. ನೀನು ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆಯೋ ಅದೂ ಕೈಗೆ ಸಿಗಲಿಲ್ಲ. ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ಇಟ್ಟಿದ್ದೇನೆ, ಯಾರಾದರೂ ಬಂದಾಗ ಕಳಿಸುತ್ತೇನೆ.

ಶಿವಯ್ಯ ಮಾವನಿಗೂ ಅತ್ತೆಗೂ ನಮ್ಮಿಬ್ಬರ ಶರಣು ಹೇಳು. ನಿನ್ನ ಮೊಮ್ಮಗಳ ಮೇಲೆ ನಿನ್ನ ಆಶೀರ್ವಾದ ಇರಲಿ. ಅದು ಬೇಡ ಎನ್ನುವಷ್ಟು ಕಲ್ಲಾಗಿಲ್ಲ ನಾನು. ಆರೋಗ್ಯ ನೋಡಿಕೋ.

ನಿನ್ನ ಮಗಳು,
ನೀಲ

ತಾ.ಕ.: ಟಪಾಲಿಗೆ ಹೊತ್ತಾಯಿತು, ಇದನ್ನು ಅವಸರದಲ್ಲಿ ಸೇರಿಸುತ್ತಿದ್ದೇನೆ. ಮೊನ್ನೆ ಶುಕ್ರವಾರ ಚನ್ನರಾಯಪಟ್ಟಣಕ್ಕೆ ಹೋಗಿ ಪ್ರೇಮನನ್ನೂ ಅವಳ ಅತ್ತೆಯವರನ್ನೂ ಕಂಡು ಬಂದೆ. ಅವಳಿಗೆ ಏಳು ತುಂಬಿತು. ಬಾಣಂತನಕ್ಕೆ ಅವಳು ಅರಕಲಗೂಡಿಗೆ ಬರುವುದಿಲ್ಲ, ನನ್ನ ಮನೆಗೆ ಬರುತ್ತಾಳೆ. ಹಾಸನದಲ್ಲಾದರೆ ಡಾಕ್ಟರು ಹತ್ತಿರ ಎಂದು ಹೇಳಿ ಒಪ್ಪಿಸಿದೆ, ಬೇರೇನೂ ಹೇಳಿಲ್ಲ. ನೀನೂ ಯಾರು ಕೇಳಿದರೂ ಅಷ್ಟೇ ಹೇಳು. ಅವಳಿಗೆ ಅವ್ವ ಬೇಕಾಗುತ್ತಾಳೆ, ಆದ್ದರಿಂದ ನೀನೂ ಬಾ. ಸಾರು ಮಾಡು, ನೀರು ಕಾಯಿಸು, ಅವಳ ತಲೆ ಬಾಚು. ಮಕ್ಕಳಿಬ್ಬರನ್ನೂ ನಾನೇ ಮಲಗಿಸುತ್ತೇನೆ.